ಮಗುಚಿ ನೋಡದ ಬೆಳ್ಳಿ ಗುಂಡಿ

ಸ್ಟೇನ್‌ಹಾವನ್ ಎಂಬ ಬೆಸ್ತರ ಊರಿನಲ್ಲಿ ಫೆಮ್ಮಿ ಬೀದಿಗಿಳಿದಳೆಂದರೆ ಹೆಂಗಸರು ಮೊದಲು ಅವಳ ಕೈ ನೋಡುತ್ತಿದ್ದರು. ಕೈಯಲ್ಲಿ ಕರಿ ಬಟ್ಟೆಯ ಗಂಟಿದ್ದರೆ ಯಾರದೋ ಹೊಸ ಷರಾಯಿ ಹೊಲಿದು ಮುಗಿದಿದೆ ಎಂದರ್ಥ. ಬಾಗಿಲಲ್ಲೇ ತಡೆದು ನಿಲ್ಲಿಸಿ ಊರ ಸುದ್ದಿ ಕೇಳುತ್ತಿದ್ದರು. ಮಡಚಿದ ಬಿಳಿ ಕರವಸ್ತ್ರವಿದ್ದರೆ ಮಾತ್ರ ಒಬ್ಬೊಬ್ಬರೇ ಒಳಗೆ ಸರಿದು, ಈ ಮುದುಕಿ ಇವತ್ತು ಯಾರ ಮನೆ ಮೆಟ್ಟಿಲು ಹತ್ತುತ್ತಾಳೋ ಎಂದು ಪರದೆಯ ಸಂದಿಯಿಂದ ಜೀವ ಬಿಗಿಹಿಡಿದು ನೋಡುತ್ತಿದ್ದರು. ತಮ್ಮ ಮನೆ ದಾಟಿ ಮುಂದೆ ಹೋದಳೆಂದರೆ ಅಬ್ಬಾ ಎಂದು ಉಸಿರು ಬಿಟ್ಟು, ಆಮೇಲೆ ಆ ಉಸಿರಿಗೆ ತಾವೇ ನಾಚಿಕೊಳ್ಳುತ್ತಿದ್ದರು.

ಪಾಪ, ಅವಳು ಮಾಡಿದ ತಪ್ಪಾದರೂ ಏನು? ಅವಳ ಅಪ್ಪ ರೀಕೆಲ್ಟ್ ಬೆಳ್ಳಿ ಕೆಲಸದವನು. ಗಂಡುಮಕ್ಕಳಿಲ್ಲದ್ದರಿಂದ ಬೆಸುಗೆ ಹಾಕುವುದನ್ನು ಮಗಳಿಗೇ ಕಲಿಸಿದ. ಷರಾಯಿ ಹೊಲಿಯುವುದನ್ನು ಅಮ್ಮ ಕಲಿಸಿದಳು. ಆ ಊರಿನ ಬೆಸ್ತರ ಷರಾಯಿ ಎಂದರೇನು ಸಾಮಾನ್ಯವೇ? ಒಂದೊಂದು ಕಾಲಿನಲ್ಲೂ ಒಂದೊಂದು ಹಾಯಿ ಹೊಲಿಯುವಷ್ಟು ಬಟ್ಟೆ. ಸೊಂಟದಲ್ಲಿ ಅದನ್ನು ಹಿಡಿದಿಡಲು ಎರಡು ದೊಡ್ಡ ಬೆಳ್ಳಿ ಗುಂಡಿಗಳು. ಅಂಗಡಿಯಲ್ಲಿ ಸಿಗುವ ಗುಂಡಿಯಲ್ಲ, ಮುತ್ತಜ್ಜನ ಕಾಲದ ಬೆಳ್ಳಿ ನಾಣ್ಯಕ್ಕೆ ಒಂದು ಬದಿಯಲ್ಲಿ ಕೊಂಡಿ ಬೆಸೆದದ್ದು. ಹುಡುಗ ಮೊದಲ ಸಲ ಕಡಲಿಗೆ ಹೊರಟಾಗ ಮನೆಯವರು ಈ ಜೋಡಿಯನ್ನು ಹಾಕಿಸಿಕೊಡುತ್ತಿದ್ದರು. ನೋಡುವವರು ಷೋಕಿ ಎಂದುಕೊಳ್ಳಬೇಕು, ಆದರೆ ಷೋಕಿಯ ಮಾತೇ ಅಲ್ಲಿರಲಿಲ್ಲ. ಕಡಲು ಮನುಷ್ಯನನ್ನು ನುಂಗಿದರೆ ಮುಖವನ್ನು ಉಳಿಸುವುದಿಲ್ಲ, ಬೆಳ್ಳಿಯನ್ನು ಉಳಿಸುತ್ತದೆ. ಹೆಣ ಯಾವ ದಡಕ್ಕೆ ಬಿದ್ದರೂ ಒಂದು ಗುಂಡಿ ಮಣ್ಣು ಮಾಡಿದವರಿಗೆ, ಇನ್ನೊಂದು ಊರಿಗೆ. ಹಾಗೆ ಊರಿಗೆ ಬಂದ ಗುಂಡಿ ನೇರವಾಗಿ ಫೆಮ್ಮಿಯ ಮೇಜಿಗೆ ಬರುತ್ತಿತ್ತು. ಯಾರ ಷರಾಯಿಗೆ ಯಾವ ನಾಣ್ಯ ಹೋಗಿದೆ ಎಂದು ಬಲ್ಲವಳು ಅವಳೊಬ್ಬಳೇ. ಗುರುತು ಹಿಡಿದು, ಬಿಳಿ ಕರವಸ್ತ್ರದಲ್ಲಿ ಸುತ್ತಿ, ಆ ಮನೆಗೆ ಮುಟ್ಟಿಸುತ್ತಿದ್ದವಳೂ ಅವಳೇ.

ಆ ತಗ್ಗುನಾಡು ಹಿಂದೆ ಏಳು ಸೀಮೆಗಳ ಕೂಟವಾಗಿದ್ದಾಗ ಸೀಮೆ ಸೀಮೆಯೂ ತನ್ನದೇ ಟಂಕಸಾಲೆಯಲ್ಲಿ ನಾಣ್ಯ ಹೊಡೆಯುತ್ತಿತ್ತು. ಮೇಲೆ ಮೇಲೆ ನೋಡುವವರಿಗೆ ಎಲ್ಲದರಲ್ಲೂ ಕತ್ತಿ ಎತ್ತಿ ಓಡುವ ಅದೇ ಕುದುರೆ ಸವಾರ. ಕುದುರೆಯ ಹೊಟ್ಟೆಯ ಕೆಳಗಿನ ಉಗುರಿನಷ್ಟು ಗುರಾಣಿಯನ್ನು ನೋಡಿದರೆ ಮಾತ್ರ ಅದು ಯಾವ ಸೀಮೆಯದೆಂದು ತಿಳಿಯುತ್ತಿತ್ತು. ಒಂದು ಸಿಂಹ ನಿಂತಿದ್ದರೆ ಹಾಲಂಡ್. ಒಂದರ ಮೇಲೊಂದು ಎರಡು ಸಿಂಹ ನಡೆಯುತ್ತಿದ್ದರೆ ಪಶ್ಚಿಮ ಫ್ರೀಸ್‌ಲಂಡ್. ಸೊಂಟದವರೆಗೆ ಅಲೆಯಲ್ಲಿ ಮುಳುಗಿ ಮೇಲೇಳುತ್ತಿರುವ ಸಿಂಹವಾದರೆ ದಕ್ಷಿಣದ ಝೇಲಂಡ್. ನಾಣ್ಯ ಹೊಡೆದ ವರ್ಷ ಇರುವುದು ಹಿಂಬದಿಯಲ್ಲಿ, ದೊಡ್ಡ ಕಿರೀಟದ ಚಿತ್ರದ ಕೆಳಗೆ. ಸ್ಟೇನ್‌ಹಾವನ್ನಿನ ಸೊಂಟಗಳಲ್ಲಿ ತುಂಬಿದ್ದದ್ದು ಹತ್ತಿರದ ಸೀಮೆಗಳ ನಾಣ್ಯಗಳೇ. ಝೇಲಂಡಿನ ಜೋಡಿ ಇಡೀ ಊರಿಗೆ ಒಂದೇ ಇತ್ತು, ಅದು ಫೆಮ್ಮಿಯ ಗಂಡ ಹೆಸ್ಸೆಲ್‌ನದು.

ಹೆಸ್ಸೆಲ್‌ಗೆ ಅದರದೇ ಒಂದು ಜಂಬ. "ನಿಮ್ಮ ಸಿಂಹಗಳು ದಡದ ಮೇಲಿನ ಬೆಕ್ಕುಗಳು ಕಣ್ರೋ, ನಂದಕ್ಕೆ ಈಜು ಬರುತ್ತೆ," ಎಂದು ಬಂದರಿನ ಕಟ್ಟೆಯಲ್ಲಿ ಕೂತು ಗೆಳೆಯರನ್ನು ಕೆಣಕುತ್ತಿದ್ದ. ಹಳೇ ರೂಢಿಯವನಾದ್ದರಿಂದ ಕಿರೀಟದ ಬದಿಯನ್ನೇ ಹೊರಗೆ ಹಾಕಿಕೊಂಡಿದ್ದ. ಯಾರಾದರೂ ನಂಬದಿದ್ದರೆ ಈಜುವ ಸಿಂಹವನ್ನು ತೋರಿಸಲು ನಡುಬೀದಿಯಲ್ಲಿ ಷರಾಯಿ ಸಡಿಲಿಸಲು ಹೋಗಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ. ಹಗ್ಗ, ಬಲೆ ಉಜ್ಜಿ ಉಜ್ಜಿ ಆ ಕಿರೀಟ ಸವೆದು ಸೋಪಿನ ಚೂರಿನಂತಾಗಿತ್ತು. ಕಡಲು ಅವನನ್ನು ಬಿಟ್ಟುಕೊಟ್ಟರೂ ಕೆಮ್ಮು ಬಿಡಲಿಲ್ಲ. ಅವನು ಹಾಸಿಗೆಯಲ್ಲೇ ಕಣ್ಣು ಮುಚ್ಚಿದ ಮೇಲೆ ಫೆಮ್ಮಿ ಆ ಕೊಂಡಿ ಬಿಡಿಸಿ, ಸವೆದ ಬದಿಗೆ ಬೆಸೆದು, ಸವಾರನನ್ನು ಹೊರಗೆ ಮಾಡಿ, ಒಬ್ಬನೇ ಮಗ ಟೀಮನ್‌ನ ಷರಾಯಿಗೆ ಹೊಲಿದಳು. ಹಿಂಬದಿಯ ಆ ಸವೆತ ತನ್ನ ಗಂಡನ ಆಯಸ್ಸು ಎಂದು ಅವಳಿಗೆ ಅನಿಸುತ್ತಿತ್ತು.

ಟೀಮನ್ ಮದುವೆಯಾಗಿ ತಂದದ್ದು ಒಳನಾಡಿನ ಹುಡುಗಿಯನ್ನು. ಯೆನ್ನೆಕೆ ಅವಳ ಹೆಸರು. ಹಸು, ಹಂದಿ, ರೈ ಧಾನ್ಯದ ಹೊಲಗಳ ನಡುವೆ ಬೆಳೆದವಳು. ಅಲೆ ಕಂಡರೆ ಕಣ್ಣರಳಿಸಿ ನಿಲ್ಲುವ ಈ ಸೊಸೆಯನ್ನು ಫೆಮ್ಮಿ ಸಹಿಸಿಕೊಂಡಿದ್ದಳು, ಅಷ್ಟೇ. 'ಮಗಳೇ' ಎಂದು ಒಂದು ದಿನವೂ ಕರೆದಿರಲಿಲ್ಲ. ಬಂದ ಹೊಸದರಲ್ಲೇ ಹುಡುಗಿ ಬ್ರೆಡ್ಡನ್ನು ತಲೆಕೆಳಗಾಗಿ ಮಣೆಯ ಮೇಲಿಟ್ಟಳು. ಫೆಮ್ಮಿ ಕುರ್ಚಿಯಿಂದ ಹಾರಿ ಬಂದಳು.

"ಅಯ್ಯೋ ಮಹರಾಯ್ತಿ! ನನ್ನ ಮಗನ್ನ ಮುಳುಗಿಸ್ತೀಯೇನೇ?"

"ಬ್ರೆಡ್ಡು ಅತ್ತೆ ಇದು, ದೋಣಿ ಅಲ್ಲ."

"ಗಂಡಸರು ಕಡಲಲ್ಲಿರೋವಾಗ ಈ ಮನೇಲಿ ಎಲ್ಲಾನೂ ದೋಣೀನೇ. ಬ್ರೆಡ್ಡೂ ದೋಣಿ, ಬೋಗುಣೀನೂ ದೋಣಿ. ಏನನ್ನೂ ಮಗುಚಬಾರ್ದು. ನಿಮ್ಮ ಹಂದಿಗಳು ಇದನ್ನ ಹೇಳ್ಕೊಟ್ಟಿಲ್ಲ ಅಂತ ಕಾಣುತ್ತೆ."

ಇಡೀ ಕೇರಿಯೇ ಹಾಗೆ ನಡೆಯುತ್ತಿತ್ತು. ಒಂದು ದೋಣಿ ಹೊರಗಿದ್ದರೂ ಸರಿ, ತೊಳೆದ ಬೋಗುಣಿಯನ್ನು ಬೋರಲು ಹಾಕುವಂತಿಲ್ಲ, ನಾಣ್ಯವನ್ನು ಬೆನ್ನು ಮೇಲಾಗಿ ಇಡುವಂತಿಲ್ಲ. ಯೆನ್ನೆಕೆ ತುಟಿ ಕಚ್ಚಿಕೊಂಡು ಕಲಿತಳು.

ಊರ ಮುಂದಿನ ಒಳಗಡಲಿಗೆ ಒಡ್ಡು ಕಟ್ಟಿ ಕೆರೆ ಮಾಡುವುದಕ್ಕೆ ಮುಂಚಿನ ಮಾತಿದು. ನವೆಂಬರಿನಲ್ಲಿ ಎದ್ದ ಬಿರುಗಾಳಿ ಹಂಚು ಹಾರಿಸಿ, ಬಂದರಿನ ಕಂಬ ಕಿತ್ತು, ವಾರವಾದ ಮೇಲೆ ತಣ್ಣಗಾಯಿತು. ಒಂದೊಂದಾಗಿ ದೋಣಿಗಳು ಬಂದವು. 'ವಿಶ್ವಾಸ' ಎಂಬ ದೋಣಿ ಬರಲಿಲ್ಲ; ಅದು ಒಳಗಡಲು ದಾಟಿ ಹೊರಗಿನ ದೊಡ್ಡ ಕಡಲಿಗೆ ಹೋಗಿತ್ತು. ಅದರಲ್ಲಿ ಐದು ಜನ. ಯಜಮಾನ ಲುಬ್ಬರ್ಟ್, ಅವನ ಕೈಕೆಳಗೆ ಟೀಮನ್, ಮತ್ತೆ ಮೂವರು. ಬಂದ ದೋಣಿಗಳಲ್ಲಿ ಗಟ್ಟಿಯಾಗಿದ್ದವು ಅವರನ್ನು ಹುಡುಕಲು ಮತ್ತೆ ಹೊರಟವು. ಹೀಗಾಗಿ ಆ ದಿನಗಳಲ್ಲಿ ಊರಿನ ಯಾವ ಮನೆಯಲ್ಲೂ ಒಂದು ಲೋಟವನ್ನೂ ಯಾರೂ ಬೋರಲು ಹಾಕಲಿಲ್ಲ.

ಆಗ ಬಂತು ಆ ಪೊಟ್ಟಣ. ಇಂಗ್ಲಿಷರ ಮೀನುಹಡಗಿನ ಬಲೆಗೆ ಒಂದು ಹೆಣ ಸಿಕ್ಕಿತಂತೆ. ಅವರು ಅದನ್ನು ತಮ್ಮ ಬಂದರಿನಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿ, ಒಂದು ಗುಂಡಿಯನ್ನು ಷರಾಯಿಯ ತುಂಡಿನ ಸಮೇತ ಕತ್ತರಿಸಿ ಕಳಿಸಿದ್ದರು. ದೋಣಿ ಕಾಣೆಯಾದ ಊರು ಇದೇ ಎಂದು ಅದು ಇಲ್ಲಿಗೆ ಬಂದಿತ್ತು. ಪಾದ್ರಿ ರೆನ್ಸಿಂಗ್ ಅದನ್ನು ಹಿಡಿದು ಫೆಮ್ಮಿಯ ಮನೆಗೆ ಬರುವಷ್ಟರಲ್ಲಿ ಐದೂ ಮನೆಯ ಹೆಂಗಸರು ಅಲ್ಲಿ ನೆರೆದಿದ್ದರು. ಲುಬ್ಬರ್ಟನ ಹೆಂಡತಿ ಹಿಲ್ಲಿ, ಯಾವತ್ತೂ ಬಾಯಿ ಮುಚ್ಚದವಳು, ಅಂದು ಬಾಗಿಲ ಚೌಕಟ್ಟು ಹಿಡಿದು ಮೂಕಿಯಂತೆ ನಿಂತಿದ್ದಳು. ಐವರೂ ಒಂದೇ ದೋಣಿಯವರು. ಒಬ್ಬನ ಗುಂಡಿ ಗುರುತು ಸಿಕ್ಕಿತೆಂದರೆ ಐದು ಮನೆಯ ದೀಪವೂ ಆರಿದಂತೆ.

ಫೆಮ್ಮಿ ಪೊಟ್ಟಣ ಬಿಚ್ಚಲಿಲ್ಲ. ಮೇಲಿದ್ದ ಬರಹದ ಮೇಲೆ ಬೆರಳಾಡಿಸಿದಳು.

"ಇದೇನು ಬರ್ದಿದಾರೆ ಪಾದ್ರಿಗಳೇ?"

"ಡಚ್ ಬೆಸ್ತ, ಡಚ್ ನಾಣ್ಯ ಅಂತ."

"ಡಚ್ ಅಂದ್ರೆ ಯಾರು?"

ಅವಳು ಹೊತ್ತು ತಳ್ಳುತ್ತಿದ್ದಾಳೆಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. ಒಬ್ಬರೂ ಅವಸರಿಸಲಿಲ್ಲ, ಆ ಪೊಟ್ಟಣ ಎಷ್ಟು ಹೊತ್ತು ಮುಚ್ಚಿರುತ್ತದೋ ಅಷ್ಟು ಹೊತ್ತು ಐವರೂ ಬದುಕಿರುತ್ತಾರಲ್ಲ. ಪಾದ್ರಿ ಒಳ್ಳೆಯ ಮನುಷ್ಯ. ಕುರ್ಚಿ ಎಳೆದು ಕೂತು, ಭಾನುವಾರದ ಪಾಠ ಹೇಳುವವರಂತೆ ನಿಧಾನವಾಗಿ ಶುರು ಮಾಡಿದರು.

"ನಾವೇ ಕಣಮ್ಮ. ಇಂಗ್ಲಿಷ್‌ನೋರು ನಮ್ಮನ್ನ ಹಾಗೆ ಕರೀತಾರೆ. ಹಿಂದಿನ ಕಾಲದಲ್ಲಿ ಚರ್ಚಿನಲ್ಲಿ ಎಲ್ಲಾ ಲ್ಯಾಟಿನ್ನು. ಮನೇಲಿ, ಸಂತೇಲಿ, ದೋಣೀಲಿ ಆಡೋ ಮಾತಿಗೆ ನಮ್ಮ ಅಜ್ಜಂದಿರು 'ದೀತ್ಸ್' ಅಂತಿದ್ರು. ಜನರ ಮಾತು, ಜನರದ್ದು ಅಂತ ಅರ್ಥ. ಇಂಗ್ಲಿಷ್‌ನೋರು ಅದನ್ನೇ ತಮ್ಮ ನಾಲಿಗೆಗೆ ತಕ್ಕ ಹಾಗೆ ಡಚ್ ಅಂದ್ರು. ಮೊದಮೊದಲು ನಮ್ಮನ್ನೂ ಜರ್ಮನಿಯೋರನ್ನೂ ಸೇರಿಸಿ ಹಾಗೇ ಕರೀತಿದ್ರು. ಆಮೇಲೆ ಕಡಲಲ್ಲಿ ಹೊಡೆದಾಡೋಕೆ ಹತ್ತಿರ ಸಿಕ್ಕೋರು ನಾವೇ ಅಲ್ವಾ, ಹೆಸರು ನಮಗೇ ಅಂಟ್ಕೊಳ್ತು."

"ನಾಣ್ಯದ ಮೇಲೆ ಹಾಗೆ ಬರ್ದಿಲ್ವಲ್ಲ. ಅಪ್ಪ ಅಕ್ಷರ ಕೂಡಿಸಿ ಓದಿಸ್ತಿದ್ದ. ಬೆಲ್ಗ್ ಅಂತೇನೋ ಇರುತ್ತೆ."

"ಅದು ಲ್ಯಾಟಿನ್ನಲ್ಲಿ ಈ ತಗ್ಗುನಾಡಿಗೆಲ್ಲಾ ಇದ್ದ ಹೆಸರು. ನಾಣ್ಯ ಒಂದು ಹೆಸರು ಹೇಳುತ್ತೆ, ಪಕ್ಕದ ಮನೆಯೋರು ಒಂದು ಹೆಸರು ಕೂಗ್ತಾರೆ, ನಾವು ಮತ್ತೊಂದು ಹೇಳ್ಕೊಳ್ತೀವಿ."

"ಹಾಗಾದ್ರೆ ಇವರು ಬರ್ದಿರೋದು ಜನ ಅಂತ. ಯಾರ ಜನ ಅಂತ ಬರ್ದಿಲ್ಲ."

"ಅದನ್ನ ನೀನೇ ಹೇಳ್ಬೇಕು ಫೆಮ್ಮಿ," ಎಂದರು ಪಾದ್ರಿ, ಮೆಲ್ಲಗೆ.

ಇನ್ನು ಕೇಳಲು ಏನೂ ಉಳಿದಿರಲಿಲ್ಲ. ಫೆಮ್ಮಿ ದಾರ ಕತ್ತರಿಸಿ ಕಾಗದ ಬಿಡಿಸಿದಳು. ಕರಿ ಬಟ್ಟೆಯ ತುಂಡು, ಅದರ ಮೇಲೆ ಗುಂಡಿ. ಕತ್ತಿ ಎತ್ತಿದ ಸವಾರ. ಕುದುರೆಯ ಹೊಟ್ಟೆಯ ಕೆಳಗೆ, ಅಲೆಯಿಂದ ಮೇಲೇಳುತ್ತಿರುವ ಸಿಂಹ.

ಊರಿಗೆಲ್ಲ ಒಂದೇ ಜೋಡಿ. ಹಿಂಬದಿ ಬಟ್ಟೆಗೆ ಅಂಟಿತ್ತು. ಅದನ್ನು ಮಗುಚಬೇಕು, ದಾರ ಕತ್ತರಿಸಿ ವರ್ಷ ನೋಡಬೇಕು ಎಂಬ ಯೋಚನೆ ಅವಳ ತಲೆಗೆ ಬರಲೇ ಇಲ್ಲ. ಬಂದಿದ್ದರೂ ಮಗುಚುತ್ತಿರಲಿಲ್ಲ. ಹುಡುಕಲು ಹೋದ ದೋಣಿಗಳು ಹೊರಗಿದ್ದವು, ಅವುಗಳಲ್ಲಿದ್ದವರ ಹೆಂಡಿರು ಕಿಟಕಿಯ ಹೊರಗೆ ನಿಂತಿದ್ದರು. ಮುಳುಗಿದವನ ಗುಂಡಿಯನ್ನು ಅವರ ಕಣ್ಣೆದುರು ಮಗುಚುವುದೇ? ಶಿವಶಿವಾ ಎಂದು ನಾವಾದರೂ ಕಿವಿ ಮುಚ್ಚಿಕೊಳ್ಳಬೇಕಾದ ಮಾತು.

"ನಂದು," ಎಂದಳು ಫೆಮ್ಮಿ. "ನನ್ನ ಟೀಮನ್‌ದು."

ಹಿಲ್ಲಿ ಚೌಕಟ್ಟು ಬಿಟ್ಟು ಅಲ್ಲೇ ಕುಸಿದಳು.

ಪರದೆಗಳನ್ನು ಎಳೆದರು. ಗಡಿಯಾರ ನಿಲ್ಲಿಸಿದರು. ಗುಂಡಿಯನ್ನು ಬಿಳಿ ಕರವಸ್ತ್ರದ ಮೇಲೆ, ಬೈಬಲ್ಲಿನ ಪಕ್ಕದಲ್ಲಿ, ಸವಾರ ಮೇಲಾಗಿ ಇಟ್ಟರು. ಊರಿನ ಹೆಂಗಸರು ಬಂದು ಕಾಫಿ ಕುಡಿದು, ಡಬ್ಬಿಯಿಂದ ಒಂದೊಂದೇ ಬಿಸ್ಕತ್ತು ತೆಗೆದುಕೊಂಡು, ಫೆಮ್ಮಿ ಮುಚ್ಚಳ ಹಾಕಿದ ಮೇಲೆ ನಿಟ್ಟುಸಿರಿಟ್ಟು ಎದ್ದು ಹೋದರು. ಸಾವಿನ ಮನೆಯಾದರೂ ಅಲ್ಲಿ ಬಿಸ್ಕತ್ತು ಒಂದೇ. ಮುಚ್ಚಳ ಎರಡನೇ ಸಲ ತೆಗೆದ ಮನೆಯನ್ನು ಆ ಊರು ಕಂಡಿರಲಿಲ್ಲ.

ಯೆನ್ನೆಕೆ ಅಳಲಿಲ್ಲ. ಕರಿ ಲಂಗ ಉಟ್ಟುಕೊಳ್ಳಲೂ ಇಲ್ಲ. ನೀಲಿ ಗೆರೆಯ ಲಂಗದಲ್ಲೇ ಬಾವಿಗೆ ಹೋಗಿ ಬಂದಳು, ಮೆಟ್ಟಿಲು ತೊಳೆದಳು. ಬೀದಿ ಗುಸುಗುಸು ಎಂದಿತು. ಫೆಮ್ಮಿಗೆ ಮೈಯೆಲ್ಲ ಉರಿಯಿತು.

"ನಿನಗೆ ನಾಚಿಕೆ ಇದೆಯೇನೇ? ಗಂಡ ಸತ್ತು ಮಣ್ಣಾಗಿದಾನೆ, ಹಬ್ಬಕ್ಕೆ ಹೊರಟೋಳ ಥರ ಬಟ್ಟೆ!"

"ಸತ್ತಿದಾನೆ ಅಂತ ಯಾರು ಹೇಳಿದ್ದು?"

"ನಾನು ಹೇಳಿದ್ದು. ಈ ಕೈಗೆ ಬಂದ ಗುಂಡಿ ಒಂದು ಸಲಾನೂ ತಪ್ಪಾಗಿಲ್ಲ."

"ನೀವು ನೋಡಿದ್ದು ಒಂದೇ ಕಡೆ ಅತ್ತೆ." ಹುಡುಗಿ ಗುಂಡಿಯತ್ತ ಕೈ ತೋರಿದಳು. "ನಮ್ಮೂರಲ್ಲಿ ಹಸು ಕೊಳ್ಳೋವಾಗ್ಲೂ ನಾಲ್ಕೂ ಕಡೆ ಸುತ್ತಿ, ಬಾಲ ಎತ್ತಿ ನೋಡ್ತಾರೆ. ನನ್ನ ಗಂಡನ್ನ ನೀವು ಒಂದೇ ಕಡೆ ನೋಡಿ ಹೂಳಿಬಿಟ್ರಿ."

"ಹಸು! ನನ್ನ ಮಗ ನಿನಗೆ ಹಸು!"

ಯೆನ್ನೆಕೆ ಎರಡೇ ಹೆಜ್ಜೆಗೆ ಬೈಬಲ್ಲಿನ ಹತ್ತಿರ ಹೋಗಿ, ಬಟ್ಟೆಯ ತುಂಡನ್ನು ಹಿಡಿದು, ಗುಂಡಿಯನ್ನು ಬೋರಲು ಮಗುಚಿಬಿಟ್ಟಳು.

ಫೆಮ್ಮಿ ಚೀರಿದಳು. ಕಡಲಲ್ಲಿದ್ದ ಅಷ್ಟೂ ದೋಣಿಗಳೂ ಆ ಗಳಿಗೆಯಲ್ಲಿ ಬೋರಲಾದದ್ದು ಅವಳ ಕಣ್ಣಿಗೆ ಕಂಡಿತು. ಸೊಸೆಯ ಕೆನ್ನೆಗೆ ಬಾರಿಸಲು ಎತ್ತಿದ ಕೈ ಎತ್ತಿದಂತೆಯೇ ಇರಲು, ಕಣ್ಣು ಮಾತ್ರ ಮೇಜಿನ ಮೇಲಿನ ಬಟ್ಟೆಯ ಮೇಲೆ ನಿಂತುಹೋಯಿತು.

ಬಟ್ಟೆಯ ಹಿಂಬದಿಯ ಹೊಲಿಗೆ ಸುತ್ತುಸುತ್ತಾಗಿ, ಹಗ್ಗದ ಸುರುಳಿಯಂತಿತ್ತು. ಫೆಮ್ಮಿ ಜೀವಮಾನದಲ್ಲಿ ಹಾಗೆ ಹೊಲಿದವಳಲ್ಲ. ಅವಳದು ಅಡ್ಡಡ್ಡ ಎರಡು ಹೊಲಿಗೆ, ಮೇಲೆ ಮೇಣ ಹಚ್ಚಿದ ಎರಡು ಗಂಟು; ಅಮ್ಮನಿಂದ ಕಲಿತದ್ದು, ನಿದ್ದೆಯಲ್ಲೂ ಕೈ ತಪ್ಪದು.

"ಕತ್ತರಿ," ಎಂದಳು. "ಕತ್ತರಿ ಕೊಡೇ, ಬೇಗ!"

ದಾರ ಕತ್ತರಿಸಿ ಬಟ್ಟೆಯನ್ನು ಯೆನ್ನೆಕೆಯೇ ಬಿಡಿಸಿದಳು. ಫೆಮ್ಮಿ ಮೊದಲು ಕಣ್ಣಿನಿಂದ ನೋಡಲಿಲ್ಲ, ಹೆಬ್ಬೆರಳಿನಿಂದ ಮುಟ್ಟಿದಳು. ಚುಚ್ಚಿತು. ಕಿರೀಟದ ಒಂದೊಂದು ಮುತ್ತೂ ಎದ್ದು ನಿಂತು ಬೆರಳಿಗೆ ಚುಚ್ಚಿತು. ಹೆಸ್ಸೆಲ್ ಸವೆಸಿ ಸೋಪು ಮಾಡಿದ ಕಿರೀಟ ಅದಲ್ಲ. ಕಿಟಕಿಯ ಪರದೆ ಸರಿಸಿ ಬೆಳಕಿಗೆ ಹಿಡಿದಳು. ಗಂಡನ ನಾಣ್ಯ ಸವೆಯುವ ಮುಂಚೆ ಅವಳು ಓದಿದ್ದ ವರ್ಷದ ಕೊನೆಗೆ ಆರು, ಆರು. ಇಲ್ಲಿ ಇದ್ದದ್ದು ಆರು, ಎರಡು.

"ನಮ್ಮದಲ್ಲ," ಎಂದಳು. ಮತ್ತೊಮ್ಮೆ ಕೂಗಿದಳು, "ನಮ್ಮದಲ್ಲ ಕಣೇ! ಝೇಲಂಡಿನ ನಾಣ್ಯ ಝೇಲಂಡಿನವರ ಹತ್ರಾನೂ ಇರುತ್ತೆ ಅಂತ ಈ ಮುದಿ ಗೂಬೆಗೆ ಹೊಳೀಲಿಲ್ವಲ್ಲ!"

ಬಾವಿಕಪ್ಪೆಗೆ ಬಾವಿಯೇ ಲೋಕ. ಇಡೀ ಸ್ಟೇನ್‌ಹಾವನ್ನಿಗೆ ಒಂದೇ ಜೋಡಿ ಎಂದುಕೊಂಡವಳಿಗೆ ಸ್ಟೇನ್‌ಹಾವನ್ನಿನ ಆಚೆಯೂ ಗಂಡಸರು ಷರಾಯಿ ಹಾಕುತ್ತಾರೆಂಬುದು ಮರೆತೇ ಹೋಗಿತ್ತು.

ತಲೆಯ ಮೇಲಿನ ಬಿಳಿ ಟೋಪಿ ಜಾರಿದ್ದೂ ತಿಳಿಯದೆ ಫೆಮ್ಮಿ ಬೀದಿಗೆ ಓಡಿದಳು. ಪರದೆಗಳು ಅಲುಗಿದವು, ಯಾರ ಮನೆಗೆ ಬಂತೋ ಮಾರಿ ಎಂದು ಹೆಂಗಸರು ಇಣುಕಿದರು. ಅವರು ಏನು ನೋಡುತ್ತಾರೆಂದು ಅವಳಿಗೆ ಗೊತ್ತಿತ್ತು. ಎರಡೂ ಕೈಗಳನ್ನು ಮೇಲೆತ್ತಿ, ಅಂಗೈ ಬಿಡಿಸಿ, ಖಾಲಿ ಖಾಲಿ ಎಂದು ತೋರಿಸುತ್ತಾ ಉಳಿದ ನಾಲ್ಕು ಮನೆಯ ಬಾಗಿಲಿಗೂ ಹೋದಳು.

ಹಿಲ್ಲಿ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಅತ್ತು ಅತ್ತು ಊದಿದ ಕಣ್ಣು ಕಿರಿದು ಮಾಡಿ ಕೇಳಿದಳು, "ಗುಂಡಿ ಟೀಮನ್‌ದಲ್ಲ ಅಂದ್ರೆ ನಮ್ಮೋರು ಬದುಕಿದಾರೆ ಅಂತಾನಾ?"

"ಅದು ನಂಗೊತ್ತಿಲ್ಲ. ಸತ್ತಿದಾರೆ ಅಂತ ನಾನು ಹೇಳಿದ್ನಲ್ಲ, ಆ ಮಾತು ವಾಪಸ್ ತಗೊಂಡೆ. ಅಷ್ಟೇ ನನ್ನ ಕೈಲಾಗೋದು."

"ಅಷ್ಟು ಸಾಕು ಕಣೇ," ಎಂದು ಹಿಲ್ಲಿ ಅವಳನ್ನು ತಬ್ಬಿಕೊಂಡಳು. "ಅಷ್ಟು ಸಾಕು. ಗಡಿಯಾರಕ್ಕೆ ಕೀಲಿ ಕೊಡ್ತೀನಿ."

ಸಂಜೆಯ ಹೊತ್ತಿಗೆ ಹುಡುಕಲು ಹೋದ ದೋಣಿಗಳು ಬರಿಗೈಯಲ್ಲಿ, ಆದರೆ ನೆಟ್ಟಗೆ ಬಂದವು. ಒಂದೂ ಬೋರಲಾಗಿರಲಿಲ್ಲ. ಗುಂಡಿ ಮಗುಚಿದ ಸುದ್ದಿ ಕೇಳಿ ಗಂಡಸರು ಯೆನ್ನೆಕೆಯನ್ನು ವಾರೆಗಣ್ಣಿನಿಂದ ನೋಡಿ ಮನೆಗೆ ಹೋದರು.

ಹೋದ ಜೀವ ಪೂರ್ತಿಯಾಗಿ ಬಂದದ್ದು ಮರುವಾರ, ಒಂದು ಅಂಚೆ ಕಾರ್ಡಿನ ಮೇಲೆ. ಡೆನ್ಮಾರ್ಕಿನ ಬಂದರಿನಿಂದ ಲುಬ್ಬರ್ಟ್ ಬರೆದಿದ್ದ: ಪಟಕಂಬ ಮುರಿಯಿತು, ಚುಕ್ಕಾಣಿ ಹೋಯಿತು, ಇಲ್ಲಿನವರು ಎಳೆದು ತಂದು ದಡ ಸೇರಿಸಿದರು, ಐವರೂ ಸುಖ, ಮೀನು ಹಾಳಾಯಿತು. ಕಾರ್ಡಿನ ಮೇಲಿನ ಮುದ್ರೆ ಬಿರುಗಾಳಿ ನಿಂತ ವಾರದ್ದು. ಹಿಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೊದಲು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಅವಳ ಬಾಯಿ ಮರಳಿ ಬಂತು.

"ತಂತಿ ಕೊಡೋಕೇನಾಗಿತ್ತು ಆ ಜಿಪುಣನಿಗೆ? ಪದಕ್ಕಿಷ್ಟು ಅಂತ ಬಿಚ್ಚಬೇಕಲ್ಲ! ಬರ್ಲಿ ಮನೆಗೆ. ಕಡಲು ಬಿಟ್ಟಿದೆ, ನಾನು ಬಿಡಲ್ಲ."

ಹೇಳಿದ ಮಾತಿಗೆ ತಪ್ಪುವವಳಲ್ಲ ಹಿಲ್ಲಿ. 'ವಿಶ್ವಾಸ' ಹೊಸ ಪಟಕಂಬ ಹೊತ್ತು ಬಂದರಿಗೆ ಬಂದಾಗ ಇಡೀ ಊರು ಕಟ್ಟೆಯ ಮೇಲಿತ್ತು. ಲುಬ್ಬರ್ಟ್ ದಡಕ್ಕೆ ಕಾಲಿಡುವ ಮೊದಲೇ ನೆಲ ಒರಸುವ ಒದ್ದೆ ಬಟ್ಟೆಯಿಂದ ಅವನ ಬೆನ್ನಿಗೆ ಪಟಪಟ ಬಾರಿಸಿ, ಪ್ರತಿ ಏಟಿಗೂ ಒಂದೊಂದು ಮುತ್ತು ಕೊಟ್ಟಳು. ಜನ ನಕ್ಕು ನಕ್ಕು ಸುಸ್ತಾದರು. ಟೀಮನ್ ದಡಕ್ಕೆ ಹಾರಿ ತಾಯಿಯ ಎದುರು ನಿಂತ. ಫೆಮ್ಮಿ ಮಗನ ಮುಖ ನೋಡಲಿಲ್ಲ. ಬಗ್ಗಿ ಅವನ ಸೊಂಟದ ಗುಂಡಿಯೊಂದನ್ನು ಹಿಡಿದು, ಎಲ್ಲರ ಎದುರಿಗೇ ಮಗುಚಿ, ಹೆಬ್ಬೆರಳಿನಿಂದ ಸವರಿದಳು. ನುಣುಪಾಗಿತ್ತು.

"ಏನಮ್ಮಾ ಇದು, ಬೀದೀಲಿ ಷರಾಯಿಗೆ ಕೈ ಹಾಕ್ತೀಯಾ?"

"ನಿಮ್ಮಪ್ಪನ ಚಾಳಿ, ಸುಮ್ನಿರು," ಎಂದವಳೇ ಆ ಗುಂಡಿಗೆ ಹಣೆಯಿಟ್ಟು ಗೊಳೋ ಎಂದು ಅತ್ತುಬಿಟ್ಟಳು.

ಆ ದಿನ ಫೆಮ್ಮಿಯ ಮನೆಯಲ್ಲಿ ಹೊಗೆ ಹಾಕಿದ ಹಾವುಮೀನು, ಬೆಣ್ಣೆ, ಕಾಫಿ. ಡಬ್ಬಿ ಎಲ್ಲರ ಮುಂದೆ ಒಂದು ಸುತ್ತು ಬಂತು, ಮುಚ್ಚಳ ಬಿತ್ತು. ಫೆಮ್ಮಿ ಆ ಮುಚ್ಚಳವನ್ನೇ ನೋಡುತ್ತಾ ಕೂತಿದ್ದು, ಇದ್ದಕ್ಕಿದ್ದಂತೆ ಮತ್ತೆ ತೆಗೆದು ಸೊಸೆಯ ಮುಂದೆ ಹಿಡಿದಳು.

"ತಗೋ ಮಗಳೇ, ಇನ್ನೊಂದು."

ಹಿಲ್ಲಿಯ ಕೈಯ ಬಟ್ಟಲು ತಟ್ಟೆಗೆ ಕಣಕ್ಕೆಂದು ತಾಕಿತು. "ಕಿರೀಟ ನೋಡಿದ್ದೇ ನೋಡಿದ್ದು, ಫೆಮ್ಮಿ ರಾಣಿಯಾಗಿಬಿಟ್ಳಪ್ಪಾ!" ಎಂದಳು. ಯೆನ್ನೆಕೆ ಬಿಸ್ಕತ್ತು ಕಚ್ಚಿಕೊಂಡೇ ಅತ್ತಳು. ಅಷ್ಟು ದಿನ ಬಿಗಿಹಿಡಿದ ಅಳು ಅದು, ಬೇಗ ನಿಲ್ಲಲಿಲ್ಲ.

ಎಲ್ಲರೂ ಹೋದ ಮೇಲೆ ಆ ಇನ್ನೊಂದು ಗುಂಡಿ ಬಿಳಿ ಕರವಸ್ತ್ರದ ಮೇಲೆ ಹಾಗೇ ಉಳಿದಿತ್ತು. ಟೀಮನ್ ಅದನ್ನು ಚರ್ಚಿನ ಹುಂಡಿಗೆ ಹಾಕೋಣ ಎಂದ. ಫೆಮ್ಮಿ ಒಪ್ಪಲಿಲ್ಲ. "ನೀನು ನಂಗೆ ವಾಪಸ್ ಸಿಕ್ಕಿದೆ ಅಂತ ಇನ್ನೊಬ್ಬಳು ತನ್ನ ಮಗನ್ನ ಕಾಯ್ತಾ ಕೂರೋದಾ? ಅವಳಿಗೆ ಯಾರೂ ಹೇಳಿಲ್ಲ ಕಣೋ. ಜನ ಅಂತ ಬರ್ದು ಕಳಿಸಿದಾರೆ. ಯಾರ ಜನ ಅಂತ ನಾನು ಹೇಳ್ಬೇಕು." ಚಳಿಗಾಲವಿಡೀ ಅವಳು ಪಾದ್ರಿಯ ತಲೆ ತಿಂದಳು. ಅವರು ಝೇಲಂಡಿನ ಬೆಸ್ತರ ಕೇರಿಗಳ ಪಾದ್ರಿಗಳಿಗೆಲ್ಲ ಬರೆದು ವಿಚಾರಿಸಿದರು: ಅಲೆಯ ಸಿಂಹ, ಕೊನೆಗೆ ಆರು ಎರಡು, ಸುರುಳಿ ಹೊಲಿಗೆ. ವಸಂತದಲ್ಲಿ ಒಂದು ಊರಿನಿಂದ ಉತ್ತರ ಬಂತು: ಅದೇ ಗಾಳಿಗೆ ಸಿಕ್ಕ ಒಬ್ಬ ವಿಧವೆಯ ಮಗ ಇನ್ನೂ ಮರಳಿಲ್ಲ, ಗುರುತು ಹೊಂದುತ್ತದೆ.

ಅತ್ತೆ ಸೊಸೆ ಇಬ್ಬರೂ ಹೊರಟರು. ದೋಣಿ, ರೈಲು, ಮತ್ತೆ ದೋಣಿ. ಝೇಲಂಡಿನ ಮಾತು ಅವರ ಕಿವಿಗೆ ಅರ್ಧಂಬರ್ಧವೇ ಹಿಡಿಯುತ್ತಿತ್ತು. ಹೆಂಗಸರ ಟೋಪಿಯೇ ಬೇರೆ, ಕೊರಳಿನ ಹವಳದ ಸರವೇ ಬೇರೆ. ಆದರೆ ಬೀದಿಯಲ್ಲಿ ಬಲೆ ಹೆಣೆಯುತ್ತಾ ಕೂತವರು ಇವಳ ಕೈಯ ಬಿಳಿ ಕರವಸ್ತ್ರ ನೋಡಿದ ಕೂಡಲೇ ಒಬ್ಬೊಬ್ಬರಾಗಿ ಎದ್ದು ಒಳಗೆ ಸರಿದರು. ಫೆಮ್ಮಿಗೆ ತನ್ನೂರಿಗೇ ಬಂದಂತೆನಿಸಿತು.

ಯಾಕೊಮಿನಾ ಎಂಬ ಆ ವಿಧವೆಯ ಮನೆ ಬೀದಿಯ ಕೊನೆಯಲ್ಲಿತ್ತು. ಬಾಗಿಲು ತಟ್ಟಬೇಕಾಗಲಿಲ್ಲ, ಸುಮ್ಮನೆ ಒರಗಿಸಿತ್ತು. ಒಳಗೆ ಇಬ್ಬರಿಗೆಂದು ಮೇಜು ಹಾಸಿತ್ತು, ಒಬ್ಬಳೇ ಕೂತಿದ್ದಳು. ಫೆಮ್ಮಿ ಇಲ್ಲಿಯವರೆಗೆ ಅದೆಷ್ಟು ಮನೆಗಳಲ್ಲಿ ಈ ಕೆಲಸ ಮಾಡಿದ್ದಳೋ. ಕರವಸ್ತ್ರವನ್ನು ಮೇಜಿನ ಮೇಲಿಟ್ಟು ಬಿಡಿಸಿದಳು. ಸವಾರ ಮೇಲಾಗಿ ಗುಂಡಿ, ಪಕ್ಕದಲ್ಲಿ ಬಟ್ಟೆಯ ತುಂಡು.

ಯಾಕೊಮಿನಾ ಬಟ್ಟೆಯನ್ನು ಮುಟ್ಟಿ ತನ್ನ ಹೊಲಿಗೆಯನ್ನು ನೋಡಿಕೊಂಡಳು. ಆಮೇಲೆ ಗುಂಡಿಯನ್ನು ತೆಗೆದು ತಡವಿಲ್ಲದೆ ಮಗುಚಿದಳು. ಅವಳಿಗೆ ಇನ್ನು ಕಡಲಲ್ಲಿ ಯಾರೂ ಇರಲಿಲ್ಲ.

"ಎಲ್ಲಿದಾನೆ?"

"ಇಂಗ್ಲಿಷ್‌ನೋರ ಮಣ್ಣಲ್ಲಿ," ಎಂದಳು ಫೆಮ್ಮಿ. "ಚೆನ್ನಾಗಿ ಮಾಡಿದಾರಂತೆ. ಪ್ರಾರ್ಥನೆ, ಪೆಟ್ಟಿಗೆ, ಎಲ್ಲಾ. ಒಂದು ಗುಂಡಿ ಅವರ ಹತ್ರ ಇದೆ." ಸ್ವಲ್ಪ ತಡೆದು ಹೇಳಿದಳು, "ಇದನ್ನ ನಾನು ನನ್ನ ಮಗಂದು ಅಂದ್ಕೊಂಡಿದ್ದೆ ತಾಯಿ. ಅಲ್ಲ ಅಂತ ಗೊತ್ತಾದಾಗ ಬೀದೀಲಿ ಕುಣಿದೆ. ನನ್ನ ಕ್ಷಮಿಸ್ಬೇಕು."

ಯಾಕೊಮಿನಾ ಅವಳನ್ನು ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಇಳಿಯಿತು, ಎತ್ತಿಹಿಡಿದಿದ್ದ ಭುಜಗಳೂ ಮೆಲ್ಲಗೆ ಇಳಿದವು.

"ಕುಣೀದೆ ಇರ್ತಾರಾ? ನಾನಾಗಿದ್ರೆ ನಾನೂ ಕುಣೀತಿದ್ದೆ." ಎದ್ದು ಕಾಫಿಗೆ ನೀರಿಟ್ಟಳು. ಬೀರುವಿನಿಂದ ಡಬ್ಬಿ ತಂದಳು. "ಇವತ್ತು ಇಲ್ಲೇ ಇದ್ದು ಹೋಗಿ. ಅವನ ಹಾಸಿಗೆ ಹಾಸೇ ಇದೆ, ದಿನಾ ಹಾಸ್ತಿದ್ದೆ."

ಕತ್ತಲಾಗುವ ಮೊದಲು ಮೂವರೂ ಕೂತು ಕಾಫಿ ಕುಡಿದರು. ಯಾಕೊಮಿನಾ ಮಗನ ಮಾತು ಹೇಳಿದಳು. ಮಾತು ಅರ್ಧ ತಿಳಿಯದಿದ್ದರೂ ಫೆಮ್ಮಿಗೆ ಎಲ್ಲ ತಿಳಿಯಿತು. ಮೇಜಿನ ಮೇಲಿನ ಎರಡನೇ ತಟ್ಟೆಯನ್ನು ಯೆನ್ನೆಕೆ ತೊಳೆದು, ತನ್ನ ಹಳೆಯ ರೂಢಿಯಂತೆ ಬೋರಲು ಹಾಕಿದಳು. ಯಾರೂ ಬೇಡವೆನ್ನಲಿಲ್ಲ.

ಆಮೇಲೆ ಯಾಕೊಮಿನಾ ಬಾಗಿಲ ಹತ್ತಿರ ಹೋಗಿ ಬೀದಿಯನ್ನು ಒಮ್ಮೆ ಎರಡೂ ಕಡೆ ನೋಡಿ ಕದ ಮುಚ್ಚಿದಳು. ಅಗಳಿ ತುಕ್ಕು ಹಿಡಿದಿತ್ತು, ಜಗ್ಗಿದರೂ ಸರಿಯಲಿಲ್ಲ. ಫೆಮ್ಮಿ ಎದ್ದು ಹೋಗಿ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿದಳು.

"ಗಾಳಿ ಎದ್ದ ದಿನದಿಂದ ಹಾಕಿರ್ಲಿಲ್ಲ," ಎಂದಳು ಯಾಕೊಮಿನಾ. "ಯಾವ ಹೊತ್ತಲ್ಲಿ ಬರ್ತಾನೋ, ತಟ್ಟಿದ್ದು ಕೇಳಿಸದೆ ಹೋದ್ರೆ ಅಂತ. ಇವತ್ತು ಹಾಕಿ ಮಲಗ್ತೀನಿ."

ಅಗಳಿ ಕೂತಿತು.